‘ಏನೂ ಇಲ್ಲ’ ಅಂತ ಬರೆದ ಮರಳುಗಾಡು

ಈ ತಾತ ಸೈನ್ ಹಾಕಲ್ಲ ಅಂದ್ನೇನಮ್ಮಾ? ಈ ಊರಿನ ತಮಿಳಲ್ಲಿ ಸೀಕ್ರಂ ಸೀಕ್ರಂ, ಬೇಗ ಬೇಗ ಅಂತ ತಾಂಬರಂ ಟ್ರೈನ್ ಹಿಡಿಯೋರ ಹಾಗೆ ಆಡಬೇಡ ಪದ್ದೂ, ಕೂತ್ಕೋ. ಆ ಮರುಭೂಮಿಯ ನ್ಯಾಷನಲ್ ಪಾರ್ಕನ್ನ ಕಾಪಾಡಿ ಅಂತ ನಿಮ್ಮ ಕಾಲೇಜಿನವರು ಸರ್ಕಾರಕ್ಕೆ ಅರ್ಜಿ ಬರೆದಿದೀರಿ, ಒಳ್ಳೇದೇ. ಆದರೆ ಆ ಜಾಗದ ಬಗ್ಗೆ ಹಿಂದೊಂದು ಸಲ ನನ್ನ ಕೈ ಸುಳ್ಳು ಬರೆದಿದೆ. ಅದನ್ನ ಹೇಳದೆ ಸೈನ್ ಹಾಕಿದರೆ ದೇವರು ಮೆಚ್ಚಲ್ಲ.

ನನ್ನ ಮೊದಲನೇ ಕೆಲಸ ಅಲ್ಲೇ, ರಾಜಸ್ಥಾನದಲ್ಲಿ, ಸರ್ವೆ ಗುಮಾಸ್ತ. ಆಗ ಅದಿನ್ನೂ ಪಾರ್ಕ್ ಆಗಿರಲಿಲ್ಲ. ದಿನಕ್ಕೆ ಒಂದು ಕೊಡ ನೀರು, ಅಲ್ಲ ಅಲ್ಲ, ಕೊಡ ಎಲ್ಲಿ ಬಂತು, ಎರಡು ತಂಬಿಗೆ. ಅದರಲ್ಲೇ ಅಡುಗೆ, ಅದರಲ್ಲೇ ಸಂಧ್ಯಾವಂದನೆ. ತುಟಿಯೆಲ್ಲ ಒಡೆದು ರಕ್ತ, ಅನ್ನದ ತುಂಬ ಮರಳು. ಆ ಸಿಟ್ಟಿಗೋ ಏನೋ, ರಿಜಿಸ್ಟರಿನಲ್ಲಿ ‘ಈ ಜಾಗದಲ್ಲಿ ಏನಿದೆ’ ಅಂತ ಇದ್ದ ಕಡೆಯೆಲ್ಲ ‘ಏನೂ ಇಲ್ಲ, ಏನೂ ಇಲ್ಲ’ ಅಂತ ತುಂಬಿಸಿ ಆಫೀಸಿಗೆ ಕಳಿಸಿಬಿಟ್ಟೆ. ನಮ್ಮಮ್ಮ ಡಬ್ಬಿ ಖಾಲಿಯಾದರೂ “ಅಕ್ಕಿ ಇಲ್ಲ” ಅನ್ನೋಕೆ ಬಿಡ್ತಿರಲಿಲ್ಲ. “ಮನೇಲಿ ಇಲ್ಲ ಅನ್ನಬಾರದು ಕಣೋ, ಅಕ್ಕಿ ತುಂಬಿದೆ ಅನ್ನು” ಅಂತಿದ್ಲು. ಅಂಥವಳ ಮಗ ನಾನು!

ಮಾರನೇ ಬೆಳಿಗ್ಗೆ ಅಳತೆ ಚೈನು ಎಳೆದುಕೊಂಡು ಹೋಗ್ತಿದೀನಿ. ನಮಗೆ ನೀರು ತಂದುಕೊಡ್ತಿದ್ದ ಕುರಿ ಕಾಯೋ ಮುದುಕ ಹಿಂದಿನಿಂದ ಕೂಗಿದ, “ರುಕೋ ಬಾಬು! ಎತ್ತಿದ ಕಾಲು ಇಳಿಸಬೇಡ!” ನಾನು ಕೊಕ್ಕರೆ ಥರ ಒಂಟಿ ಕಾಲಲ್ಲಿ ನಿಂತೆ. ಕೆಳಗೆ ನೋಡಿದರೆ ಬರೀ ನೆಲ, ಗೂಡಿಲ್ಲ, ಏನೂ ಇಲ್ಲ, ನೋಡು, ಮತ್ತೆ ಅದೇ ಮಾತು ಬಂತು ಬಾಯಿಗೆ! ಒಂದೇ ಒಂದು ಮೊಟ್ಟೆ ಇತ್ತಮ್ಮಾ. ದೂರದಲ್ಲಿ ತಾಯಿ, ನನ್ನ ಸೊಂಟದೆತ್ತರದ ಹಕ್ಕಿ, ನಮ್ಮ ಕಡೆ ಎರೆಭೂತ ಅಂತಾರಲ್ಲ, ಈಗ ದೇಶದಲ್ಲೇ ಅಪರೂಪ ಆಗಿರೋದು, ಅದು. “ವರ್ಷಕ್ಕೆ ಒಂದೇ ಇಡೋದು ಇವಳು. ನಿನ್ನ ಪುಸ್ತಕದಲ್ಲಿ ಇವಳನ್ನ ಬರೆದೆಯಾ ಬಾಬು?” ಅಂದ. ಅವತ್ತೇ ಕೂತು, ತಿದ್ದಿಕೊಳ್ಳಿ ಅಂತ ಆಫೀಸಿಗೆ ಕಾಗದ ಬರೆದೆ, ಉತ್ತರವೇ ಬರಲಿಲ್ಲ.

ಈಗ ನೀನು ನೋಡಿದರೆ ‘ಸದ್ಯಕ್ಕೆ ಹತ್ತು ವರ್ಷ ಕಾಪಾಡಿ’ ಅಂತ ಬರೆದಿದೀಯ.

“ಕಮ್ಮಿ ಕೇಳಿದ್ರೆ ತಾನೇ ತಾತಾ ಕೊಡೋದು?”

ಕೊಡ್ತಾರೆ. ಹತ್ತು ವರ್ಷ ಆದಮೇಲೆ ನನ್ನಂಥವನೇ ಒಬ್ಬ ಹೋಗಿ ಏನೂ ಇಲ್ಲ ಅಂತ ಬರೀತಾನೆ, ಹಿಂದೆಯೇ ರಸ್ತೆ ಬರುತ್ತೆ, ಆ ಹಕ್ಕಿ ತಗಲಿ ಸಾಯೋ ಕರೆಂಟಿನ ತಂತಿ ಬರುತ್ತೆ. ಆ ‘ಹತ್ತು ವರ್ಷ’ ಹೊಡೆದುಹಾಕು. ‘ಯಾವತ್ತಿಗೂ’ ಅಂತ ಬರಿ. ದಪ್ಪಕ್ಕೆ ಬರಿ. ಹೂಂ, ಈಗ ಕೊಡು ಪೆನ್ನು.

ಕಣ್ಣಿಗೆ ಕಾಣಲಿಲ್ಲ ಅಂತ ಇಲ್ಲ ಅಂದುಬಿಡಬಾರದಮ್ಮಾ, ಕಾಲಿಡೋ ಮೊದಲು ಬಗ್ಗಿ ನೋಡಬೇಕು. ಏಳು, ಅಂಗಡಿಗೆ ಹೋಗಿ ಬಾ, ಅಜ್ಜಿ ಕೂಗ್ತಿದಾಳೆ, ಕಾಫಿಪುಡಿ ತುಂಬಿದೆಯಂತೆ.