ಗೇಟಿನಲ್ಲೇ ನಿಂತ ಲಾರಿ

ಹೆಸರು: ಎಲ್ಲರೂ ಕರೆಯುವಂತೆ ನಿಧಾನಣ್ಣ. ವಯಸ್ಸು: 46. ಕಸುಬು: ಬಣ್ಣದ ಕಾರ್ಖಾನೆಯಲ್ಲಿ ಲಾರಿ ಚಾಲಕ. ವಾಸ: ನೀರಿನ ಟ್ಯಾಂಕಿನ ಹಿಂದಿನ ಓಣಿ, ಎರಡನೇ ಮನೆ.

ಪುರಸಭೆಯ ಆರೋಗ್ಯ ನಿರೀಕ್ಷಕಿಯ ಮೇಲೆ ನಮ್ಮ ಮ್ಯಾನೇಜರ್ ಕೊಟ್ಟಿರುವ ದೂರಿನ ಬಗ್ಗೆ ತಾವು ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 14ರಂದು ಬೆಳಿಗ್ಗೆ 10.40ಕ್ಕೆ ನಾನು ಹದಿನಾಲ್ಕು ಡ್ರಮ್ ತುಂಬಿದ ಲಾರಿಯನ್ನು ಪುರಸಭೆಯ ಕಸ ವಿಲೇವಾರಿ ಘಟಕದ ಗೇಟಿಗೆ ತಂದೆನು. ಡ್ರಮ್ಮಿನಲ್ಲಿರುವುದು ಒಣಗಿದ ಬಣ್ಣ, ಶೆಡ್ಡಿನ ಪಕ್ಕ ಇಳಿಸಿ ಬಾ ಎಂದು ಮ್ಯಾನೇಜರ್ ಹೇಳಿದ್ದರು. ಶೆಡ್ಡು ಗೇಟಿನಿಂದ ಸುಮಾರು 60 ಅಡಿ ಒಳಗಿದೆ. ಅಲ್ಲಿ ಒಂಬತ್ತು ಹೆಂಗಸರು ಕಸ ವಿಂಗಡಿಸುತ್ತಾರೆ. ಅವರಲ್ಲಿ ಒಬ್ಬಳು ನನ್ನ ತಂಗಿ.

ಗೇಟಿನಲ್ಲಿದ್ದ ನಿರೀಕ್ಷಕಿ, ಕಾರ್ಖಾನೆಯ ಕಸವನ್ನು ಪುರಸಭೆಯ ಒಪ್ಪಿಗೆ ಪತ್ರವಿಲ್ಲದೆ ಒಳಗೆ ಬಿಡುವಂತಿಲ್ಲ ಎಂದರು. ಪತ್ರ ಇರಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿದೆನು. ನಮ್ಮ ಲಾರಿ ತಡೆಯಲು ಆಕೆಗೆ ಅಧಿಕಾರವಿಲ್ಲ, ನುಗ್ಗಿಸು ಎಂದರು. ನಾನು ಗಾಡಿ ಚಾಲೂ ಮಾಡಿದೆನು. ಆಕೆ ಲಾರಿಯ ಮೆಟ್ಟಿಲೇರಿ, ಕಿಟಕಿಯಿಂದ ಕೈ ಹಾಕಿ ಕೀ ಕಿತ್ತುಕೊಂಡರು. ಕುರ್ಚಿ ಬಿಸಿ ಮಾಡುವವರಿಗೆ ದುಡಿಯುವವರ ಕಷ್ಟ ಏನು ಗೊತ್ತು ಎಂದು ನಾನು ಬೈದದ್ದು ನಿಜ.

"ಅಣ್ಣಾ, ಆಮೇಲೆ ಬೇಕಾದಷ್ಟು ಬೈರಿ. ಹಿಂದಿನ ಡ್ರಮ್ಮಿನ ಮುಚ್ಚಳ ಉಬ್ಬಿದೆ, ಸಿಡಿಯಬಹುದು. ಮೊದಲು ಕೆಳಗಿಳೀರಿ" ಎಂದರು.

ನನ್ನನ್ನೂ ಹೆಂಗಸರನ್ನೂ ಹಿಂದಿನ ಗೇಟಿನಿಂದ ಹೊರಗೆ ಕಳಿಸಿ, ಆಕೆ ಎಲ್ಲರಿಗಿಂತ ಕೊನೆಗೆ ಬಂದರು. 11.05ಕ್ಕೆ ಡ್ರಮ್ ಸಿಡಿದು ಲಾರಿಗೆ ಬೆಂಕಿ ಹತ್ತಿತು. ತಂಗಿ ಒಂದೇ ಚಪ್ಪಲಿಯಲ್ಲಿ ನಿಂತು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಉಗುರಿನ ಗುರುತು ಈಗಲೂ ಇದೆ. ಅಗ್ನಿಶಾಮಕದವರು ಬೆಂಕಿ ಆರಿಸಿದ ಮೇಲೆ ನೋಡಿದರೆ, ನನ್ನ ಸೀಟಿನಲ್ಲಿ ಕಬ್ಬಿಣದ ಸುರುಳಿಗಳಷ್ಟೇ ಉಳಿದಿದ್ದವು.

ಆಕೆ ಕೀ ಕಿತ್ತುಕೊಂಡು ತಡ ಮಾಡಿದ್ದರಿಂದಲೇ ಬೆಂಕಿ ಬಿತ್ತೆಂದು ಹೇಳು, ಇಲ್ಲವೇ ಕೆಲಸಕ್ಕೆ ಬರಬೇಡ ಎಂದು ಮ್ಯಾನೇಜರ್ ಮರುದಿನ ತಿಳಿಸಿದರು. ಅದು ಸುಳ್ಳು. ಆಕೆ ತಡೆಯದಿದ್ದರೆ 11.05ಕ್ಕೆ ನಾನು ಶೆಡ್ಡಿನ ಪಕ್ಕ ಡ್ರಮ್ ಇಳಿಸುತ್ತಿದ್ದೆನು. ನಾನು ಕೆಲಸಕ್ಕೆ ಹೋಗಿಲ್ಲ.

ದಿನಾಂಕ 16ರಂದು ಬೆಳಿಗ್ಗೆ 10 ಗಂಟೆಗೆ ಆಕೆಯನ್ನು ಕಾಣಲು ಪುರಸಭೆಗೆ ಹೋದೆನು. ಕಿವಿ ಸರಿಯಾಗಿ ಕೇಳಿಸುತ್ತಿದೆಯೇ, ತಂಗಿ ಹೇಗಿದ್ದಾಳೆ ಎಂದು ಆಕೆಯೇ ವಿಚಾರಿಸಿದರು. ತಲೆಯಾಡಿಸಿ, ಕೊಟ್ಟ ನೀರು ಕುಡಿದು ಬಂದುಬಿಟ್ಟೆನು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ: ನಮ್ಮ ಮನೆಯ ಎರಡು ಜೀವ ಆಕೆಯಿಂದ ಉಳಿದಿವೆ. ಈ ಮಾತನ್ನೂ ದಾಖಲಿಸಬೇಕೆಂದು ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 17, ಬೆಳಿಗ್ಗೆ 11.15
ಸಹಿ: ನಿಧಾನಣ್ಣ