ತಕರಾರಿನ ಹಲಸು

ಏಳಬೇಡಪ್ಪ, ಏಳಬೇಡ! ಅಲ್ಲೇ ಕೂತ್ಕೋ. ಬೆಂಚಿನ ಆ ತುದೀಲೇ, ಹಂಗೇ. ಮರ ಎಲ್ಲಿಗೆ ಓಡಿಹೋಗುತ್ತೆ? ನೋಡಣ, ನಿಧಾನಕ್ಕೆ ನೋಡಣ. ಚಿಂತಾಮಣಿಯಿಂದ ಬಸ್ಸಲ್ಲಿ ಬಂದು, ರಸ್ತೆಯಿಂದ ಇಲ್ಲೀ ತನಕ ನಡೆದಿದ್ದೀಯ. ಈ ಬಿಸಿಲಲ್ಲಿ ಕರಿ ಕೋಟು ಬೇರೆ! ಬಿಚ್ಚಪ್ಪ... ಬೇಡ್ವಾ? ಸರಿ, ಹೊಸದು, ಹಾಕ್ಕೊಂಡೇ ಇರು.

ಏನಂದೆ? ಈ ತಿಂಗಳೇ ಕೇಸು ಮುಗಿಸ್ತೀಯಾ?

ಅಯ್ಯೋ... ಅಲ್ಲ, ಸಂತೋಷ. ಸಂತೋಷಕ್ಕೇ ಅಯ್ಯೋ ಅಂದೆ. ಈ ಗಂಗುಲಮ್ಮ ಹಂಗೇ, ಸಂತೋಷ ಆದ್ರೂ ಎದೆ ಮೇಲೆ ಕೈ ಇಟ್ಕೊಂತಾಳೆ. ಆದ್ರೆ ಅವಸರ ಯಾಕಪ್ಪ? ನಿಮ್ಮ ದೊಡ್ಡ ವಕೀಲರು, ವೆಂಕಟರವಣಪ್ಪನೋರು, ಹೇಳಿಲ್ವಾ ನಿಂಗೆ? ಅವರತ್ರ ಹೊಸದಾಗಿ ಸೇರೋ ಜೂನಿಯರುಗಳಿಗೆಲ್ಲ ಮೊದಲು ನನ್ನ ಕೇಸೇ. ಬಡವರಿಗೆ ಫೀಜಿಲ್ಲದೆ ವಕೀಲರು ಸಿಕ್ಕಂಗೂ ಆಯ್ತು, ಹುಡುಗರ ಕೈ ಪಳಗಿದಂಗೂ ಆಯ್ತು ಅಂತಾರೆ. ಕೇಸಿರೋ ಊರಿಗೆ ತಿಂಗಳಿಗೊಂದ್ಸಲ ಹೋಗಿ ನೋಡ್ಕೊಂಡು ಬರಬೇಕು, ಕೇಸಿಲ್ಲದ ಊರಿಗೆ ಸುಮ್ಮನೆ ತಿರುಗಬಾರದು. ಅದೇ ತಾನೇ ಅವರ ರೂಲು?

ನೋಡು, ಮೊದಲು ಬಂದ ಶಿಡ್ಲಘಟ್ಟದ ಹುಡುಗ. ಕೋರ್ಟಲ್ಲಿ ನಿಂತ್ರೆ ಕಾಲು ನಡುಗೋದು. ನಮ್ಮೆಮ್ಮೆ ಮುಂದೆ ನಿಲ್ಲಿಸಿ ವಾದ ಮಾಡಿಸ್ದೆ. ಯಾಕಪ್ಪ ನಗ್ತೀಯಾ? ಅದು ಮೆಲುಕು ಹಾಕ್ಕೊಂಡು ನೋಡೋದು ನೋಡಿದ್ರೆ ಥೇಟ್ ಮುನಸೀಫರೇ! ಈಗ ಕೋಲಾರದಲ್ಲಿ ಅವನ ಮಾತು ನಿಲ್ಲಿಸೋರೇ ಇಲ್ಲವಂತೆ. ಆಮೇಲೆ ಬಂದ ಗೌರಿಬಿದನೂರಿನೋನಿಗೆ ನಾಯಿ ಅಂದ್ರೆ ಭಯ. ಹೊಲದ ದಾರೀಲಿ ನಾಯಿ ಐತೆ ಅಂದಿದ್ದಕ್ಕೇ ಒಂದ್ಸಲಾನೂ ಮರದ ತನಕ ಹೋಗ್ಲಿಲ್ಲ. ಚಿನ್ನದಂಥ ಹುಡುಗ!

ನಿಂಗೆ ನಾಯಿ ಭಯ ಇಲ್ವಾ? ...ಸ್ವಲ್ಪಾನೂ?

ಸರಿ, ಕೇಳ್ಕೋ. ನನ್ನ ಹೊಲಕ್ಕೂ ಕೋನಪ್ಪನ ಹೊಲಕ್ಕೂ ಮಧ್ಯೆ ಬದು. ಬದುವಿನ ಮೇಲೆ ಹಲಸಿನ ಮರ. ನಾನು ನಂದು ಅಂತೀನಿ, ಅವನು ನಂದು ಅಂತಾನೆ. ಅಷ್ಟೇ ಕೇಸು. ಹೂಂ, ಕೋರ್ಟು ಅಮೀನ ಬಂದು ತೊಗಟೆ ಕೆತ್ತಿ, ಡಾಂಬರಲ್ಲಿ ಹದಿನೇಳು ಅಂತ ದೊಡ್ಡದಾಗಿ ನಂಬರು ಬರೆದುಹೋದ, ನಿಜ. ಅದೂ ಫೈಲಲ್ಲೈತಾ? ಎಲ್ಲಾನೂ ಓದಿಬಿಟ್ಟಿದ್ದೀಯಲ್ಲಪ್ಪ... ಹಿಂದಿನೋರು ಯಾರೂ ಅಲ್ಲೀ ತನಕ ಓದಿರ್ಲಿಲ್ಲ.

ಬಾಗಿಲಲ್ಲಿ ನಿಂತೋರಾ? ಅವರು... ದಾರೀಲಿ ಹೋಗ್ತಿದ್ದೋರು. ಬಯ್ಯಪ್ಪಂಗೆ ದರಖಾಸ್ತಲ್ಲಿ ಜಮೀನು ಸಿಕ್ಕೈತೆ, ಪಕ್ಕದೋನು ದಾರಿ ಬಿಡ್ತಿಲ್ಲ, ಒಂದು ಅರ್ಜಿ ಬರೀಬೇಕು. ಆದಿಲಕ್ಷ್ಮಮ್ಮನ ಗಂಡ ಹೋದ, ಹೊಲದ ಖಾತೆ ಮೈದುನ ಬರೆಸ್ಕೊಂಡವ್ನೆ. ಆ ಚಾಪೆ ಮೇಲಿರೋನು ಎರ್ರಪ್ಪ. ಅವನ ಸಮಸ್ಯೆ ಏನೂಂತ ಅವನಿಗೇ ಗೊತ್ತಿಲ್ಲ, ವಕೀಲರು ಬಂದವ್ರೆ ಅಂತ ಬಂದ. ಮರ ನೋಡೋಕೆ ಹೆಂಗೂ ಬಂದಿರ್ತೀರಲ್ಲ, ಹಂಗೇ ಇವನ್ನೂ ನೋಡಿ ಹೋಗೋದು. ಪೇಟೇಲಿ ಇವರನ್ನ ಯಾರು ಮೆಟ್ಟಿಲು ಹತ್ತಿಸ್ತಾರೆ ಹೇಳು?

ಯಾರದು? ...ಓ, ಕೋನಪ್ಪ! ಏ ಕಳ್ಳ! ಏಮಿರಾ, ನನ್ನ ಹೊಸ್ತಿಲು ತುಳಿಯೋಷ್ಟು ಧೈರ್ಯ ಬಂತಾ ನಿಂಗೆ? ಮರ ನಂದು ಕಣೋ, ನಂದು! ...ಮಜ್ಜಿಗೆ ಅಲ್ಲಿಡು. ಉಪ್ಪು ಹಾಕಿದ್ದೀಯಾ? ...ಹಲ್ಲು ಕಿಸೀಬೇಡ, ಬೈತಿದ್ದೀನಿ.

ಕುಡಿಯಪ್ಪ. ಪ್ರತಿವಾದಿ ಕೊಟ್ಟ ಮಜ್ಜಿಗೆ ಕುಡೀಬಾರದಾ? ಕಾನೂನಲ್ಲಿ ಹಂಗೈತಾ? ಎಮ್ಮೆ ನಂದೇ ಕಣಪ್ಪ, ಹಾಲು ಕರೆಯೋದು ಮಾತ್ರ ಅವನ ಹೆಂಡ್ತಿ... ಛೆ, ಏನೋ ಅಂತಿದ್ದೆ. ಕುಡಿ, ಕುಡಿ.

ಅಯ್ಯಯ್ಯೋ, ಚೆಲ್ಲಿತಾ? ಹೊಸ ಕೋಟು! ಇರು, ಬಟ್ಟೆ ತರ್ತೀನಿ... ಏಳಬೇಡ! ಕೂತೇ ಒರೆಸ್ಕೋ! ...ಎದ್ದುಬಿಟ್ಟೆಯಾ.

ಏನು ನೋಡ್ತಿದ್ದೀಯಾ? ...ಅದಾ? ಒಂದು. ಒಂದನೇ ಬೆಂಚು ಅಂತ. ಇನ್ನೂ ಮಾಡಿಸೋ ಆಸೆ ಐತೆ, ಅದಕ್ಕೇ ಈಗಿಂದ್ಲೇ ನಂಬರು. ಹಳದಿ ಮರಾನಾ? ಹಲಸಿನದೇ, ಅದಕ್ಕೇನೀಗ? ಊರಲ್ಲಿ ಹಲಸು ಒಂದೇನಾ ಇರೋದು! ...ಡಾಂಬರಲ್ಲ ಕಣಪ್ಪ, ಕಾಡಿಗೆ. ಬೆಂಚಿಗೂ ದೃಷ್ಟಿ ಆಗುತ್ತೆ.

ಕೋನಪ್ಪಾ, ಅದೇನೋ ಎಳ್ಕೊಂಡು ಬರ್ತಿರೋದು? ಜನ ನಿಂತವ್ರೆ ಅಂತ ನಿಮ್ಮನೆ ಬೆಂಚಾ? ಬೇಡ! ವದ್ದು ರಾ! ಆ ಕಡೆ ಹಾಕು, ಆ ಕಡೆ! ...ಇದರ ಪಕ್ಕಕ್ಕೇ ತಂದು ಜೋಡಿಸಿಬಿಟ್ಟೆಯಲ್ಲೋ, ಮುಂಡೇದೆ.

...

ಹೂಂ. ಇದರ ಮೇಲೆ ಒಂದು, ಅದರ ಮೇಲೆ ಏಳು. ಓದಿದೋನು, ನಾನೇನು ಹೇಳ್ಲಿ.

ಬೈಯೋದಾದ್ರೆ ಬೈದುಬಿಡಪ್ಪ.

ಆ ನಾಯಿ ಭಯದ ಹುಡುಗ ಬರೋಕೆ ಮುಂಚೇನೇ, ಆಷಾಢದ ಗಾಳಿಗೆ ಮರ ಬಿತ್ತು. ನನ್ನ ಕಡೆಗೂ ಇಲ್ಲ, ಅವನ ಕಡೆಗೂ ಇಲ್ಲ, ಬದುವಿನ ಮೇಲೇ ಉದ್ದಕ್ಕೆ ಮಲಗಿಬಿಡ್ತು. ಇಬ್ರೂ ನಿಂತು ನೋಡಿದ್ವಿ. ನಗು ಬಂತು. ಬಡಗೀನ ಕರೆಸಿ, ಸೀಳಿಸಿ, ಅರ್ಧರ್ಧ ಮಾಡ್ಕೊಂಡ್ವಿ. ಆ ಡಾಂಬರು ಎಷ್ಟು ಕೆರೆದ್ರೂ ಹೋಗ್ಲಿಲ್ಲ, ಸರ್ಕಾರದ್ದಲ್ವಾ. ರಾಜಿ ಬರೆಸೋಣಾಂತ ಮಾರನೇ ದಿನ ಇಬ್ರೂ ಹೊರಟಿದ್ವಿ. ಬಸ್ಸಿನ ಹತ್ರ ಬಯ್ಯಪ್ಪ ಕೇಳ್ದ, 'ಗಂಗುಲಕ್ಕ, ಕೇಸು ಮುಗಿದ ಮೇಲೆ ವಕೀಲರು ಊರಿಗೆ ಬರ್ತಾರಾ?'

ಬಸ್ಸು ಬಂತು. ನಾವು ಹತ್ತಲಿಲ್ಲ.

ಈಗ ನೀನೇ ಹೇಳಪ್ಪ. ಬರ್ತೀಯಾ?

ಎಲ್ರೂ ನಿನ್ನ ಮುಖಾನೇ ನೋಡ್ತಾವ್ರೆ. ಎರ್ರಪ್ಪನೂ ಎದ್ದು ನಿಂತ, ಪಾಪ, ಈಗ ಅವನಿಗೂ ಒಂದು ಸಮಸ್ಯೆ ಸಿಕ್ತು.

ಪೆನ್ನು ಯಾಕೆ ತೆಗೆದೆ? ರಾಜಿ ಬರೀತೀಯಾ? ...ಯಾರನ್ನ ಕರೀತಿದ್ದೀಯಾ? ಬಯ್ಯಪ್ಪನ್ನಾ? ಅರ್ಜಿಗಾ? ...ಏ ಬಯ್ಯಪ್ಪ, ಬಾರೋ ಬೇಗ, ಬಾಯಿ ಬಿಟ್ಕೊಂಡು ನಿಂತವ್ನೆ!

ಕೂತ್ಕೊಳ್ಳಪ್ಪ. ಅಲ್ಲಲ್ಲ, ಅಲ್ಲಲ್ಲ. ಎರಡೂ ಬೆಂಚು ಸೇರೋ ಜಾಗದಲ್ಲಿ ಕೂತ್ಕೋ... ಇನ್ನೊಂಚೂರು ಈ ಕಡೆ... ಕೋಟು ಅಗಲಕ್ಕೆ ಹರಡ್ಕೋ... ಹಾಂ.

ಈಗ ಎರಡು ನಂಬರೂ ಮುಚ್ಚಿದ್ವು.