ಎರಡು ಸಲ ಓದಿದ ಹೆಸರು

ರಷ್ಯಾ ದೇಶದ ಒಂದು ಸಣ್ಣ ಊರಿನಲ್ಲಿ ಒಬ್ಬ ವಿಧವೆ ಇದ್ದಳು ಎಂದಿಟ್ಟುಕೊಳ್ಳಿ. ಅವಳಿಗೆ ಒಬ್ಬನೇ ಮಗ, ಯೆರ್ಮೊಲಾಯ್. ಅಜ್ಜನ ಕಾಲದ ಹೆಸರು. ಆ ಊರಿನಲ್ಲಿ ಇನ್ಯಾರಿಗೂ ಆ ಹೆಸರಿರಲಿಲ್ಲ.

ಬಾಡಿಗೆ ಸಿಪಾಯಿಗಳ ಒಂದು ಕಂಪನಿ ಅವನನ್ನು ಸೇರಿಸಿಕೊಂಡು ಆಫ್ರಿಕಾಕ್ಕೆ ಕಳಿಸಿತು. ಅಲ್ಲಿಯ ಚಿನ್ನದ ಗಣಿ ಕಾಯಬೇಕು, ಅಲ್ಲಿಯ ದೊರೆಯ ಪೀಠ ಕಾಯಬೇಕು. ಕಳಿಸಿದವರು ಯಾರು? ಕಂಪನಿ. ಕಂಪನಿಯನ್ನು ಕಳಿಸಿದವರು ಯಾರು? ನೋಡಿ, ಅದಕ್ಕೆ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಗೆದ್ದರೆ ಅಲ್ಲಿ ರಷ್ಯಾದ ಮಾತು ನಡೆಯಿತು. ಸತ್ತರೆ, "ಅವನು ನಮ್ಮವನಲ್ಲ."

ಅವನು ಸತ್ತ. ಮುಚ್ಚಿದ ಪೆಟ್ಟಿಗೆ ಬಂತು. ಊರಿನ ಚೌಕದಲ್ಲಿ ಮಡಿದ ಸಿಪಾಯಿಗಳ ಹೆಸರು ಕೆತ್ತಿದ ಕಲ್ಲೊಂದಿತ್ತು. ಮಗನ ಹೆಸರೂ ಅಲ್ಲಿರಲಿ ಎಂದು ತಾಯಿ ಸೈನ್ಯದ ಕಚೇರಿಗೆ ಹೋದಳು. ಅವಳ ಆಸೆ ಅಷ್ಟೇ.

"ಯೆರ್ಮೊಲಾಯ್? ಆ ಹೆಸರಿನವನು ನಮಗೆ ಗೊತ್ತಿಲ್ಲಮ್ಮ," ಎಂದ ಅಧಿಕಾರಿ. "ದೇಶ ನೋಡೋಕೆ ಹೋಗಿದ್ದನೇನೋ."

"ಬಂದೂಕು ಹೆಗಲಿಗೇರಿಸ್ಕೊಂಡು ಯಾರಪ್ಪಾ ದೇಶ ನೋಡೋಕೆ ಹೋಗ್ತಾರೆ?"

ಅವನು ಕಾಗದ ಮಗುಚಿದ.

ಸತ್ತವರನ್ನು ನೆನೆಯುವ ಶನಿವಾರ ಬಂತು. ಅಂದು ಅವರ ಚರ್ಚಿನಲ್ಲಿ ಎಲ್ಲರೂ ತಮ್ಮವರ ಹೆಸರನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಮನೆತನದ ಹೆಸರಿಲ್ಲ, ಪದವಿಯಿಲ್ಲ; ದೀಕ್ಷಾಸ್ನಾನದ ದಿನ ಇಟ್ಟ ಹೆಸರು ಮಾತ್ರ. ಪಾದ್ರಿ ಅದನ್ನು ಗಟ್ಟಿಯಾಗಿ ಓದುತ್ತಾನೆ. ವಿಧವೆಯ ಚೀಟಿ ಬಂತು. "ಯೆರ್ಮೊಲಾಯ್," ಎಂದು ಓದಿದ. ಅವಳ ಎದೆ ಹಗುರಾಯಿತು. ಹತ್ತು ಚೀಟಿ ಕಳೆದ ಮೇಲೆ ಮತ್ತೆ ಓದಿದ: "ಯೆರ್ಮೊಲಾಯ್."

ಇನ್ನೊಂದು ಚೀಟಿ ಯಾರದು? ತಿರುಗಿ ನೋಡಿದಳು. ಕಂಬದ ಮರೆಯಲ್ಲಿ ಆ ಅಧಿಕಾರಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಹೊರಗೆ ಅವನೇ ಅವಳ ಬಳಿಗೆ ಬಂದ. "ಅಮ್ಮಾ, ಅವನನ್ನ ವಿಮಾನ ಹತ್ತಿಸಿದವನು ನಾನೇ. ದೇವರ ಮುಂದೆ ಸುಳ್ಳು ಹೇಳೋಕಾಗಲ್ಲ."

"ನನ್ನ ಮುಂದೆ ಆಗುತ್ತೇನಪ್ಪಾ?" ಎಂದಳು ತಾಯಿ.

ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಕಲ್ಲಿನ ಮೇಲೆ ಹೆಸರು ಬರಲೇ ಇಲ್ಲ.

ಪ್ರಿಯರೇ, ಅಷ್ಟು ದೂರದ ಕಥೆ ನಮಗೇಕೆ ಎನ್ನುತ್ತೀರಾ? ನಿಮ್ಮ ಮನೆಯ ಹೊಲಸುಗುಂಡಿಗೆ ಇಳಿದವನ ಹೆಸರೇನು, ಹೇಳಿ. "ಅವನು ನಮ್ಮವನಲ್ಲ, ಮೇಸ್ತ್ರಿ ಕಳಿಸಿದವನು," ಎನ್ನುತ್ತೀರಿ. ಉಸಿರುಗಟ್ಟಿ ಸತ್ತರೆ, ಮೇಸ್ತ್ರಿಯನ್ನು ಕೇಳಿ ಎನ್ನುತ್ತೀರಿ. ಆಮೇಲೆ ಈ ಚರ್ಚಿಗೆ ಬಂದು ದೇವರ ಮುಂದೆ ಮೊಣಕಾಲೂರುತ್ತೀರಿ.

ನೀವು ಕಾಲಿಡಲು ಹೆದರುವ ಕಡೆಗೆ ಇನ್ನೊಬ್ಬನನ್ನು ಕಳಿಸಬೇಡಿ. ಯಾವ ಕೆಲಸಕ್ಕೇ ಕಳಿಸಿದರೂ ಮೊದಲು ಅವನ ಹೆಸರು ಕೇಳಿಕೊಳ್ಳಿ. ಅವನಿಗೆ ಕೇಡಾದರೆ ಅವನ ತಾಯಿಯ ಬಾಗಿಲಿಗೆ ನೀವೇ ಹೋಗಿ, "ಕಳಿಸಿದವನು ನಾನು," ಎನ್ನಿ. ದೇವರಿಗೆ ಆಮೇಲೆ ಹೇಳಿದರೂ ನಡೆಯುತ್ತದೆ. ಆತನಿಗೆ ಮೊದಲೇ ಗೊತ್ತು.